ಎಡಗಡೆ ರೆಕ್ಕೆ

ತಪಾಸಣೆಗೆ ಬಂದ ಸರ್ಕಾರಿ ಇನ್ಸ್‌ಪೆಕ್ಟರ್ ಜಹೀರುದ್ದೀನ್ ಒಂದು ರೂಪಾಯಿ ನಾಣ್ಯ ಹಿಡಿದು ವಿಮಾನದ ಎಡಗಡೆ ರೆಕ್ಕೆಯನ್ನು ತುದಿಯಿಂದ ಬುಡದವರೆಗೆ ಟಣ್ ಟಣ್ ಎಂದು ಬಡಿದು, "ಠೀಕ್ ಅದ" ಎನ್ನುತ್ತ ಫಾರ್ಮಿಗೆ ಸಹಿ ಹಾಕಲು ಪೆನ್ನು ತೆಗೆದರು. ಬಲಗಡೆ ರೆಕ್ಕೆ ಬೆಳಿಗ್ಗೆಯೇ ಪಾಸಾಗಿತ್ತು. ಆಗಿನ್ನೂ ಕಲ್ಮಲದ ಬಸ್ಸು ಬಂದಿರಲಿಲ್ಲ, ಹಾಗಾಗಿ ಅದರಲ್ಲಿ ಕೆಲಸಕ್ಕೆ ಬರುವ ಯಮನಮ್ಮನೂ ಬಂದಿರಲಿಲ್ಲ. ಈಗ ಅವಳು ಗೋಡೆಗೆ ಒರಗಿ ನಿಂತು ಕೇಳುತ್ತಿದ್ದಳು.

"ಸಾಹೇಬ್ರ, ನಡುವ ಒಂದು ಕಡಿ ದನಿ ಬ್ಯಾರೆ ಬಂತ್ರಿ," ಎಂದಳು.

ಮಾಲೀಕ ವಿರೂಪಣ್ಣ ಅವಳನ್ನು ಕಣ್ಣಲ್ಲೇ ಗದರಿದ. ಮಾನ್ವಿ ರಸ್ತೆಯ ಹಳೇ ಹತ್ತಿ ಜಿನ್ನಿಂಗ್ ಶೆಡ್ಡಿನಲ್ಲಿ ಅವನು ಮೊದಲು ಫೈಬರಿನ ನೀರಿನ ಟ್ಯಾಂಕು ಮಾಡಿದ, ಆಮೇಲೆ ಕೃಷ್ಣೆಯ ಮೀನುಗಾರರಿಗೆ ದೋಣಿ ಮಾಡಿದ. ಟ್ಯಾಂಕು ಸೋರಲಿಲ್ಲ, ದೋಣಿ ಮುಳುಗಲಿಲ್ಲ ಎಂಬ ಧೈರ್ಯದ ಮೇಲೆ ಇಬ್ಬರು ಕೂರುವ ವಿಮಾನಕ್ಕೇ ಕೈ ಹಾಕಿದ. ಊರು ಹೊಟ್ಟೆ ತುಂಬ ನಕ್ಕಿತು. ಅಂಟು ಒಣಗಿಸುವ ಭಟ್ಟಿ ಎಲ್ಲಿ ಎಂದು ಕೇಳಿದವರಿಗೆ ಅವನು ರಾಯಚೂರಿನ ಬಿಸಿಲು ತೋರಿಸುತ್ತಿದ್ದ. ನಾಲ್ಕು ಜನರಿಂದ ಶುರುವಾದ ಕಂಪನಿಯಲ್ಲಿ ೧೯೮೬ರ ಹೊತ್ತಿಗೆ ಮೂವತ್ತು ಜನ ದುಡಿಯುತ್ತಿದ್ದರು. ಇವತ್ತು ಸಹಿ ಬಿದ್ದರೆ ಹೈದರಾಬಾದಿನ ಕಡೆಯ, ವಿಮಾನ ಹಾರಿಸಲು ಕಲಿಸುವ ಕ್ಲಬ್ಬೊಂದು ಇಂಥ ಆರು ವಿಮಾನ ಕೊಳ್ಳುವುದಿತ್ತು.

ರೆಕ್ಕೆ ಕಟ್ಟುವವಳು ಯಮನಮ್ಮ. ಫೋಮಿನ ಮೇಲೆ ಗಾಜಿನ ನೂಲಿನ ಬಟ್ಟೆ ಹಾಸಿ, ಅಂಟು ಸುರಿದು, ಒಂದು ಗುಳ್ಳೆಯೂ ಉಳಿಯದಂತೆ ಅಂಗೈಯಲ್ಲಿ ಒತ್ತುವುದು ಅವಳ ಕೆಲಸ. ಇಂಜಿನಿಯರಿಂಗ್ ಓದಿ ಬಂದವರಿಬ್ಬರು ಒತ್ತಿ ನೋಡಿ, ಗುಳ್ಳೆ ಎಬ್ಬಿಸಿ, ಊರು ಸೇರಿದ್ದರು.

ಜಹೀರುದ್ದೀನ್ ಅವಳು ತೋರಿಸಿದಲ್ಲಿ ಮತ್ತೆ ಬಡಿದರು. ಟಣ್, ಟಣ್, ಬದ್.

"ಒಳಗ ಪೊಳ್ಳು ಅದ," ಎಂದು ಪೆನ್ನಿಗೆ ಕ್ಯಾಪ್ ಹಾಕಿದರು.

"ಅಷ್ಟು ಪೊಳ್ಳಿಗೆ ಏನಾಗ್ತದ್ರಿ ಸಾಹೇಬ್ರ?" ಎಂದ ವಿರೂಪಣ್ಣ. ಅವರು ಪೆನ್ನನ್ನು ಜೇಬಿಗೆ ಸೇರಿಸಿದಾಗ ಯಮನಮ್ಮನ ಕಡೆ ತಿರುಗಿದ. "ನೀನೇ ಒತ್ತಿದ್ದು, ನೀನೇ ಚಾಡಿ ಹೇಳಾಕತ್ತಿ. ನಾಳಿಂದ ಬರಬ್ಯಾಡ."

ಯಮನಮ್ಮನಿಗೆ ಅಳು ಬರಲಿಲ್ಲ, ಸಿಟ್ಟು ಬಂತು. "ಇದ್ರಾಗ ಇಬ್ರು ಕುಂದರ್ತಾರ್ರಿ ಸಾವ್ಕಾರ್ರ. ಪೊಳ್ಳು ನಂದಲ್ಲ. ಕೊಯ್ದು ನೋಡ್ರಿ. ನಂದಾದ್ರ ನಾಳಿ ತನ ಯಾಕ, ಈಗಲೇ ಹೋಗ್ತೀನಿ."

"ಕೊಯ್ಯೂದು ಬ್ಯಾಡ," ಎಂದ ವಿರೂಪಣ್ಣ, ಸ್ವಲ್ಪ ಜಾಸ್ತಿಯೇ ಅವಸರದಲ್ಲಿ.

ಜಹೀರುದ್ದೀನ್ ಹುಟ್ಟಿದ್ದು ವ್ಯಾಪಾರದ ಊರು ಮಾನ್ವಿಯಲ್ಲಿ. ವ್ಯಾಪಾರಸ್ಥ ಯಾವಾಗ ಅವಸರ ಮಾಡುತ್ತಾನೆಂದು ಅವರಿಗೆ ಗೊತ್ತಿತ್ತು. "ಕೊಯ್ಯವ್ವ," ಎಂದರು.

ಅವಳು ಬ್ಲೇಡಿನಿಂದ ಅಂಗೈಯಗಲ ಕೊಯ್ದಳು. ಕೆಳಗೆ ಫೋಮಿನ ತುಂಡೊಂದು ಡಬ್ಬಿಯ ಮುಚ್ಚಳದಂತೆ ಎದ್ದು ಬಂತು. ಗುಂಡಿಯೊಳಗೆ ಕೆಂಪು ರೇಷ್ಮೆ ಬಟ್ಟೆಯ ಗಂಟು, ಗಂಟಿನಲ್ಲಿ ಒಂದು ವಿಭೂತಿ ಗಟ್ಟಿ ಮತ್ತು ಒಣಗಿದ ಬಿಲ್ವಪತ್ರೆ.

ವಿರೂಪಣ್ಣ ಹಣೆಯ ಬೆವರು ಒರೆಸಿಕೊಂಡ, ಅದರೊಂದಿಗೆ ಹಣೆಯ ಮೇಲಿದ್ದ ವಿಭೂತಿಯೂ ಹೋಯಿತು.

"ಸೋಮವಾರ ಮುಹೂರ್ತ ಚಲೋ ಇತ್ರಿ. ಇವ್ರೆಲ್ಲಾ ಊಟಕ್ಕ ಹೋಗಿದ್ರು. ಮಠದಾಗ ಕೊಟ್ಟಿದ್ದು... ವಿಮಾನ ಬೀಳಬಾರದಂತ ಇಟ್ಟೆ."

"ಅದಕ್ಕೇ ಬೀಳ್ತಿತ್ತು," ಎಂದರು ಜಹೀರುದ್ದೀನ್. ಫಾರ್ಮನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಇದನ್ನ ಬರಿಯಾಕ ಇದ್ರಾಗ ಕಾಲಮ್ಮೇ ಇಲ್ಲ. ಪೊಳ್ಳು ತುಂಬ್ರಿ, ಹದಿನೈದು ದಿನ ಬಿಟ್ಟು ಬರ್ತೀನಿ." ಹೋಗುವಾಗ ರೂಪಾಯಿ ನಾಣ್ಯವನ್ನು ಯಮನಮ್ಮನ ಕೈಯಲ್ಲಿಟ್ಟರು. "ನನ್ನ ಕಿವಿಗಿಂತ ನಿನ್ನ ಕಿವಿ ಚಲೋ ಅದವ್ವ. ಅಲ್ಲೀ ತನ ನೀನೇ ಬಡದು ನೋಡು."

ಜೀಪು ಹೋಯಿತು. ವಿರೂಪಣ್ಣ ಗಂಟು ಹಿಡಿದುಕೊಂಡು ನಿಂತೇ ಇದ್ದ. ಕೆಲಸ ಬಿಡಿಸಿದ ಮಾತು ಅವನು ಎತ್ತಲಿಲ್ಲ, ಅವಳೂ ಕೇಳಲಿಲ್ಲ.

"ಹಂಗಾರ ಇದನ್ನ ಎಲ್ಲಿ ಇಡ್ಲಿ, ಯಮನಮ್ಮ?"

ಅವಳು ಗಾಜಿನ ಬಟ್ಟೆ ಕತ್ತರಿಸುತ್ತಿದ್ದಳು, ತಲೆ ಎತ್ತಲಿಲ್ಲ. "ನಿಮ್ಮ ಕಿಸೇದಾಗ ಇಟ್ಕೊಳ್ರಿ. ಮೊದಲನೇ ಸಲ ಹಾರೂಮುಂದ ಪೈಲಟ್ ಬಾಜೂಕ ನೀವೇ ಕುಂದರ್ರಿ."

ವಿರೂಪಣ್ಣ ವಿಮಾನದ ಎರಡನೇ ಸೀಟನ್ನು ಬಹಳ ಹೊತ್ತು ನೋಡಿದ. ಆಮೇಲೆ ದನಿ ತಗ್ಗಿಸಿ ಹೇಳಿದ:

"ಬಲಗಡಿ ರೆಕ್ಕಿನೂ ಕೊಯ್ದುಬಿಡು, ಯವ್ವಾ."