ಹುಲ್ಲಾದ ಅಡುಗೆಮನೆ

ಜಾಲಿ ಸೌದೆಯ ಹೊಗೆ, ಸುಟ್ಟ ಮೆಣಸಿನಕಾಯಿಯ ಘಾಟು. ಓಟಿಲಿಯ ಬಾಲ್ಯಕ್ಕೆ ಗೆಳತಿ ಚೋನಾಳ ಅಡುಗೆಮನೆಯದೇ ವಾಸನೆ. ಟೆಕ್ಸಾಸ್ ಗಡಿಯೂರಿನ ಈ ಹಳೆಯ ಸುಣ್ಣಕಲ್ಲಿನ ಮನೆಯಲ್ಲಿ ಆಗ ಚೋನಾಳ ಮನೆಯವರು ಬಾಡಿಗೆಗಿದ್ದರು. ಇವತ್ತು ಅದು ವಸ್ತುಸಂಗ್ರಹಾಲಯವಾಗಿ ತೆರೆದಿತ್ತು. ದೂರದ ಊರಿನಿಂದ ಬಂದ ಚೋನಾ ನೇರ ನಡೆದು ಹಿಂಬಾಗಿಲು ತೆರೆದಳು. ಆಚೆ ಬರೀ ಹುಲ್ಲು.

"ಅಡುಗೆಮನೆ ಎಲ್ಲೇ? ಹೊಟ್ಟೆಬಾಕಿ, ಅದನ್ನೂ ನುಂಗಿಬಿಟ್ಯಾ?" ಎಂದು ನಕ್ಕಳು.

"ಮನೆ ಕಟ್ಟಿದ್ದು ಸಾವಿರದ ಎಂಟುನೂರ ಐವತ್ತೆಂಟರಲ್ಲಿ. ಆಮೇಲೆ ಸೇರಿಸಿದ್ದೆಲ್ಲ ಇರಬಾರದು ಅಂತ ಮ್ಯೂಸಿಯಂ ಸಮಿತಿಯವರು..." ಎಂದಳು ಓಟಿಲಿ.

ಚೋನಾಳ ನಗು ನಿಂತಿತು. "ನಮ್ಮಪ್ಪ ಕಟ್ಟಿದ್ದು ಕಣೇ ಅದು. ನಿಮ್ಮನೇಲಿ ಉಂಡಿದ್ದಕ್ಕಿಂತ ನೀನು ಅಲ್ಲಿ ಉಂಡಿದ್ದೇ ಜಾಸ್ತಿ. ಬೇಡ ಅನ್ನೋರು ಸಮಿತೀಲಿ ಒಬ್ಬರೂ ಇರ್ಲಿಲ್ವಾ?"

ಓಟಿಲಿ ಎದೆಯ ಮೇಲಿನ ಅಧ್ಯಕ್ಷೆಯ ಬಿಲ್ಲೆಯನ್ನು ಅಂಗೈಯಿಂದ ಮುಚ್ಚಿಕೊಂಡಳು. ಮುಖ ಎತ್ತಲಾಗಲಿಲ್ಲ. "ಕೆಡವೋಣ ಅಂತ ಮೊದಲು ಕೈ ಎತ್ತಿದ್ದೇ ನಾನು, ಚೋನಾ."

ಚೋನಾ ಮೆಟ್ಟಿಲಿಳಿದು, ಒಲೆಯಿದ್ದ ಕಡೆ ಹುಲ್ಲಿನ ಮೇಲೆ ಕುಳಿತು ಬಹಳ ಹೊತ್ತು ನೆಲ ಸವರುತ್ತಿದ್ದಳು. ಆಮೇಲೆ ಪಕ್ಕಕ್ಕೆ ಸರಿದು ಜಾಗ ಮಾಡಿದಳು. ಓಟಿಲಿ ಬಂದು ಕುಳಿತಾಗ ಕೈಚೀಲದಿಂದ ಬುತ್ತಿ ತೆಗೆದು, ಕಾಳಿನ ಪಲ್ಯ ಸುತ್ತಿದ ಮೆಕ್ಕೆಜೋಳದ ರೊಟ್ಟಿಯೊಂದನ್ನು ಅವಳ ಕೈಗಿಟ್ಟಳು.