ನಮ್ಮ ಗಲ್ಲಿಯ ನಾರ್ಮಲ್

ನಮ್ಮ ಗಲ್ಲಿಯ ನಾರ್ಮಲ್ ನಾನೇ. ಗಲ್ಲಿಗೊಬ್ಬರಂತೆ ಸರಕಾರ ನೇಮಿಸಿದೆ. ನನ್ನ ಮಣಿಕಟ್ಟಿನ ನರ ಎಂಟು ಚದರ ಮಿಲಿಮೀಟರ್. ಉಳಿದವರ ನರಗಳನ್ನೆಲ್ಲ ಅದಕ್ಕೇ ಹೋಲಿಸಿ ನೋಡುತ್ತಾರೆ. ನರ ಊದಬಾರದೆಂದು ನಾನು ರೊಟ್ಟಿ ಬಡಿಯುವುದನ್ನು ನಿಷೇಧಿಸಿದ್ದಾರೆ. ಹಾಗಾಗಿ ಆರು ವರ್ಷಗಳಿಂದ ಅತ್ತೆಯೇ ಬಡಿಯುತ್ತಿದ್ದಾರೆ.

ಇವತ್ತು ವಾರ್ಷಿಕ ತಪಾಸಣೆ. ಅಳತೆಯ ಗಿರಿಜಕ್ಕ ಅಲ್ಟ್ರಾಸೌಂಡ್ ಪೆಟ್ಟಿಗೆಯನ್ನು ಅಡುಗೆಮನೆಯಲ್ಲೇ ಇಟ್ಟು, ನನ್ನ ಮಣಿಕಟ್ಟಿಗೆ ತಣ್ಣನೆಯ ಜೆಲ್ ಸವರಿದರು.

"ಈ ಸಲ ಹೆಚ್ಚಾತಂದ್ರ ನಾಳಿಂದ ರೊಟ್ಟಿ ಪರಾತ ನಿನ್ನ ಮುಂದ," ಎಂದರು ಅತ್ತೆ.

"ಹದಿಮೂರು ಐತ್ರಿ," ಎಂದರು ಗಿರಿಜಕ್ಕ. "ಏನ್ ಮಾಡಿದ್ರಿ?"

ಊದಿದೆಯೇನೋ ಎಂದು ತಾಸಿಗೊಮ್ಮೆ ಒತ್ತಿ ಒತ್ತಿ ನೋಡುತ್ತಿದ್ದೆ. ಅದನ್ನೇ ಹೇಳಿದೆ. ಅತ್ತೆ ಹಿಟ್ಟಿನ ಪರಾತವನ್ನು ನನ್ನತ್ತ ಸರಿಸಿದರು.

"ತಡೀರಿ ಯವ್ವಾ," ಎಂದು ಗಿರಿಜಕ್ಕ ನಿಯಮದ ಪುಸ್ತಕ ತಿರುವಿದರು. "ಇವರ ನೇಮಕ ಇನ್ನೂ ನಾಲ್ಕು ವರ್ಷ ಐತಿ. ಅಲ್ಲೀತನಕ ಇವರದು ಎಷ್ಟೈತೋ ಅದ ನಾರ್ಮಲ್. ಇವತ್ತಿಂದ ಹದಿಮೂರು."

ರೊಟ್ಟಿ ಬಡಿದು ಬಡಿದು ಅತ್ತೆಯ ನರವೂ ಹದಿಮೂರೇ ಆಗಿತ್ತು.

"ಅಂದ್ರ ನಾನೂ ನಾರ್ಮಲ್ಲಾ?" ಅತ್ತೆ ತಮ್ಮ ಮಣಿಕಟ್ಟನ್ನು ಬೆಳಕಿಗೆ ಹಿಡಿದು ನೋಡಿದರು.

ಬಾಗಿಲಲ್ಲಿ ನಿಂತು ನಗುತ್ತಿದ್ದ ನನ್ನ ಗಂಡನನ್ನು ಗಿರಿಜಕ್ಕ ಕೂರಿಸಿ ಅಳೆದರು. ಎಂಟು.

"ಭಾಳ ಸಣ್ಣೈತ್ರಿ. ಹದಕ್ಕ ಬರೂತನಕ ದಿನಾ ಇಪ್ಪತ್ತು ರೊಟ್ಟಿ ಬಡೀರಿ."

ಅತ್ತೆ ಪರಾತವನ್ನು ಮಗನ ಮುಂದಿಟ್ಟು ನನ್ನ ಪಕ್ಕ ಬಂದು ಕುಳಿತರು. ಮೊದಲ ರೊಟ್ಟಿ ಹರಿದಾಗ ನನ್ನ ಕಿವಿಯಲ್ಲಿ ಮೆಲ್ಲಗೆ ಹೇಳಿದರು:

"ನೀ ಒತ್ತಿಕೋತ ಇರವಾ. ಇಲ್ಲಂದ್ರ ಮತ್ತ ಇಳದೀತು."