ಗೋಡೆ ಹಿಡಿದ ಸಿಗರೇಟಿನ ವಾಸನೆ

ದಾವಣಗೆರೆಯಲ್ಲಿ ಹಾಲಸ್ವಾಮಿ ಅಂತ ಒಬ್ಬರು... ಮಿಕ್ಸಿ, ಗ್ರೈಂಡರ್ ಮಾರುವ ಅಂಗಡಿ. ಮಾತು ಕಡಿಮೆ, ಸಿಗರೇಟು ಜಾಸ್ತಿ.

ಮಗಳು ಸಹನಾ ಬಸುರಿ ಎಂದು ತಿಳಿದ ದಿನವೇ ಸಿಗರೇಟು ಬಿಟ್ಟರು! "ನೋಡೋಣ ಬಿಡು, ಎಷ್ಟು ದಿನ" ಎಂದು ಮೂಗು ಮುರಿದ ಗೆಳೆಯರೇ ಬೆರಗಾದರು.

ಸೀಮಂತ ಮುಗಿಯಿತು. ಬಾಣಂತನಕ್ಕೆ ಮಗಳನ್ನು ಕರೆದೊಯ್ಯುವ ಮಾತೆತ್ತಿದಾಗ ಸಹನಾ ತಲೆ ತಗ್ಗಿಸಿದಳು.

"ಬೇಜಾರ್ ಮಾಡ್ಕೋಬೇಡಿ ಅಪ್ಪಾಜಿ... ಬಾಣಂತನ ಅತ್ತೆ ಮನೇಲೇ ಆಗ್ಲಿ. ನಮ್ಮನೇಲಿ ಇನ್ನೂ ಸಿಗರೇಟ್ ವಾಸ್ನೆ ಐತೆ. ಕೂಸಿಗೆ ಒಳ್ಳೇದಲ್ಲ ಅಂದ್ರು ಡಾಕ್ಟ್ರು."

ಹಾಲಸ್ವಾಮಿಯವರಿಗೆ ಕಪಾಳಕ್ಕೆ ಹೊಡೆದಂತಾಯಿತು. ಬಿಟ್ಟು ತಿಂಗಳುಗಳೇ ಆದವು, ಇನ್ನೆಲ್ಲಿಯ ವಾಸನೆ? ತಮಗಂತೂ ಏನೂ ಗೊತ್ತಾಗುತ್ತಿಲ್ಲ!

ಹಠಕ್ಕೆ ಬಿದ್ದು ಮನೆ ತುಂಬ ಸಾಂಬ್ರಾಣಿ ಹಾಕಿದರು... ಮಲ್ಲಿಗೆ ಸ್ಪ್ರೇ ಹೊಡೆದರು...

ಹೆಂಡತಿ ನಾಗವೇಣಿ ಕೆಮ್ಮುತ್ತಾ ಹೊರಗೆ ಬಂದರು. "ಹೊಗೆ ವಾಸ್ನೆ ಹೋಗ್ಲಿ ಅಂತ ಮತ್ತೆ ಹೊಗೆ ಹಾಕ್ತೀರಲ್ರೀ!"

"ತಾಯಿ ಮಗಳು ಇಬ್ರದೂ ಮೂಗೇ ಸರಿ ಇಲ್ಲ" ಎಂದು ರೇಗಿದರು ಹಾಲಸ್ವಾಮಿ.

ಆಮೇಲೆ ತಂಗಿಯ ಮಗನ ಮದುವೆಗೆಂದು ಗಂಡ ಹೆಂಡತಿ ಊರಿಗೆ ಹೋದರು. ಮನೆ ವಾರವಿಡೀ ಮುಚ್ಚಿತ್ತು. ವಾಪಸ್ ಬಂದು ಬೀಗ ತೆಗೆದ ಹಾಲಸ್ವಾಮಿ ಹೊಸ್ತಿಲಲ್ಲೇ ನಿಂತುಬಿಟ್ಟರು...

ಹಳಸಿದ ಹೊಗೆಯ ಗಬ್ಬು ಮುಖಕ್ಕೆ ರಾಚಿತು. ಒಂದು ವಾರ ಹೊರಗಿದ್ದ ಮೂಗಿಗೆ ಈಗ ಎಲ್ಲವೂ ತಿಳಿಯಿತು.

"ಇದ್ರಲ್ಲೇ ಇದ್ರಾ ನೀವು ತಾಯಿ ಮಗಳಿಬ್ರೂ... ಇಷ್ಟು ವರ್ಷ?"

ನಾಗವೇಣಿ ಒಳಗೆ ಹೋಗಿ ಕಿಟಕಿ ತೆಗೆದರು.

ಮರುದಿನ ಅಂಗಡಿಗೆ ರಜ. ಹಾಲಸ್ವಾಮಿ ಲುಂಗಿ ಎತ್ತಿ ಕಟ್ಟಿ ನಿಂತರು!

ಪರದೆ ನೆನೆಹಾಕಿದರೆ ಬಕೆಟ್ ನೀರು ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. ಫ್ಯಾನಿನ ರೆಕ್ಕೆ ಒರೆಸಿದ ಬಟ್ಟೆ ಹಳದಿಯಾಯಿತು. ಗೋಡೆಗಳನ್ನು ಸೋಪಿನ ನೀರಲ್ಲಿ ಉಜ್ಜಿ, ಪ್ರೈಮರ್ ಹೊಡೆಸಿ, ಆಮೇಲೆ ಬಣ್ಣ ಬಳಿಸಿದರು. ಹಳೇ ಹಾಸಿಗೆ, ಸೋಫಾ ಎಲ್ಲ ಆಚೆ ಹೋದವು. ಹಗಲೆಲ್ಲ ಕಿಟಕಿ ಬಾಗಿಲು ತೆರೆದೇ ಇರುತ್ತಿದ್ದವು.

ಹೆಣ್ಣು ಕೂಸು ಹುಟ್ಟಿತು. ಹಾಲಸ್ವಾಮಿ ಆಸ್ಪತ್ರೆಯಲ್ಲಿ ಅಳುಕುತ್ತಲೇ ಕೇಳಿದರು.

"ಒಂದ್ಸಲ ಬಂದು ನೋಡವ್ವಾ... ವಾಸ್ನೆ ಬಂದ್ರೆ ನಾನೇ ನಿಮ್ಮತ್ತೆ ಮನೆಗೆ ಬಿಟ್ ಬರ್ತೀನಿ."

ಸಹನಾ ಬಂದಳು. ಕೂಸನ್ನು ಅಮ್ಮನ ಕೈಗೆ ಕೊಟ್ಟು ಒಬ್ಬಳೇ ಒಳಗೆ ಹೋದಳು. ಪರದೆ ಮೂಸಿದಳು, ದಿಂಬು ಮೂಸಿದಳು...

ಹಾಲಸ್ವಾಮಿ ರಿಸಲ್ಟ್‌ಗೆ ಕಾಯುವ ಹುಡುಗನ ಹಾಗೆ ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದರು.

ಸಹನಾ ಹೊರಗೆ ಬಂದಳು. ಅಮ್ಮನ ಕೈಯಿಂದ ಕೂಸನ್ನು ಎತ್ತಿಕೊಂಡು ಅಪ್ಪನ ತೊಡೆಯ ಮೇಲೆ ಮಲಗಿಸಿದಳು.

"ಚಿಕ್ಕೋಳಿದ್ದಾಗ ನಿಮ್ಮ ತೊಡೆ ಮೇಲೆ ಕೂರೋಕೆ ಎಷ್ಟು ಆಸೆ ಇತ್ತು ಗೊತ್ತಾ ಅಪ್ಪಾಜಿ? ಹತ್ರ ಬಂದ್ರೆ ಉಸಿರು ಕಟ್ತಿತ್ತು... ಓಡ್ ಹೋಗ್ತಿದ್ದೆ."

ಮಗಳಿಗೆ ಅಮ್ಮನೆಂದರೇ ಹೆಚ್ಚು ಇಷ್ಟ ಎಂದುಕೊಂಡಿದ್ದ ಆ ಅಪ್ಪ ಬಿಕ್ಕಿ ಬಿಕ್ಕಿ ಅತ್ತರು. ಎದೆಯ ಭಾರವೆಲ್ಲ ಇಳಿದುಹೋಯಿತು.

ಸಹನಾ ಕಣ್ಣೊರೆಸಿಕೊಂಡು ಅಪ್ಪನ ಭುಜಕ್ಕೆ ತಲೆಯಿಟ್ಟಳು. "ಅಮ್ಮಾ, ನೀರು ಕಾಯ್ಸು... ಬಾಣಂತನ ಇಲ್ಲೇ."

ನಮ್ಮ ಚಟದ ವಾಸನೆ ನಮ್ಮ ಮೂಗಿಗೆ ಬರುವುದಿಲ್ಲ, ಅದನ್ನು ಸಹಿಸುತ್ತಿರುವವರಿಗಷ್ಟೇ ಗೊತ್ತು.

ನಿಮ್ಮ ಮನೆಯಲ್ಲೂ ಯಾರಾದರೂ, ಬಾಯಿಬಿಟ್ಟು ಹೇಳದೆ, ನಿಮ್ಮಿಂದ ಸ್ವಲ್ಪ ದೂರವೇ ಕೂರುತ್ತಿದ್ದಾರಾ...?